ಅಚ್ಚಾಗದ ಎರಡನೆಯ ಸಂಚಿಕೆ

ನನ್ನ ಬಾಲ್ಯದಲ್ಲಿ ಅಣ್ಣನ ಪೆಟ್ಟಿಗೆಯೊಳಗೆ ಇಂದ್ರಜಾಲ ಕಾಮಿಕ್ಸಿನ ಹಳೆಯ ಸಂಚಿಕೆಗಳಿದ್ದವು. ಅವುಗಳಲ್ಲಿ ಬರುವ ಮಾಂತ್ರಿಕ ಮ್ಯಾಂಡ್ರೇಕನಿಗಿಂತ ಅವನ ಸಂಗಾತಿ ಲೋಥಾರನೇ ನನಗೆ ಹೆಚ್ಚು ಪ್ರಿಯನಾಗಿದ್ದ. ಬೆಟ್ಟದಂಥ ಆಳು, ಎದುರಾಳಿಗಳನ್ನು ಹೂವೆತ್ತಿದಂತೆ ಎತ್ತಿ ಒಗೆಯುತ್ತಿದ್ದ. ಅವನು ಮೊದಮೊದಲು ಹೇಗಿದ್ದನೆಂಬುದು ನನಗೆ ತಿಳಿದುದು ಬಹಳ ತಡವಾಗಿ. 1934ರಲ್ಲಿ ಲೀ ಫಾಕ್ ಅಮೆರಿಕದ ಪತ್ರಿಕೆಗಳಲ್ಲಿ ಈ ಕಥೆಯನ್ನು ಆರಂಭಿಸಿದಾಗ ಲೋಥಾರನಿಗೆ ಉಡಲು ಚಿರತೆಯ ಚರ್ಮ, ತಲೆಗೆ ತುರ್ಕಿ ಟೋಪಿ, ಆಡಲು ಮುರುಕು ಇಂಗ್ಲಿಷು. ಆಫ್ರಿಕದ ರಾಜಕುಮಾರನೆಂಬ ಬಿರುದೇನೋ ಇದ್ದಿತು. ಮಾಡುತ್ತಿದ್ದುದು ಮಾತ್ರ ಸೇವಕನ ಕೆಲಸ. 1965ರಲ್ಲಿ ಫ್ರೆಡ್ ಫ್ರೆಡೆರಿಕ್ಸ್ ಚಿತ್ರಕಾರನಾಗಿ ಬಂದ ಮೇಲೆಯೇ ಅವನ ಉಡುಪೂ ಮಾತೂ ನೆಟ್ಟಗಾದವು. ಭಾಷೆಯನ್ನು ಕಲಿಸಿ ಬದುಕುವವನು ನಾನು. ಒಬ್ಬನನ್ನು ಸಣ್ಣವನನ್ನಾಗಿ ಮಾಡಲು ಅವನ ಬಾಯಿಯ ಮಾತನ್ನು ಕೆಡಿಸಿದರೆ ಸಾಕೆಂಬ ಈ ಉಪಾಯ ನನ್ನನ್ನು ಚುಚ್ಚಿತು.

ಹಾಗಾದರೆ ತಮ್ಮ ಮಾತನ್ನು ತಾವೇ ಬರೆದುಕೊಳ್ಳಲು ಹೊರಟ ಕರಿಯರು ಅಮೆರಿಕದಲ್ಲಿರಲಿಲ್ಲವೆ? ಇದ್ದರು. ಜಾಕಿ ಆರ್ಮ್ಸ್ ಎಂಬ ಮಹಿಳೆ 1937ರಲ್ಲಿಯೇ ಕರಿಯರ ಪತ್ರಿಕೆಯಾದ ಪಿಟ್ಸ್‌ಬರ್ಗ್ ಕೊರಿಯರ್‌ನಲ್ಲಿ ಟಾರ್ಚಿ ಬ್ರೌನ್ ಎಂಬ ತರುಣಿಯ ಚಿತ್ರಕಥೆಯನ್ನು ಬರೆಯತೊಡಗಿದ್ದಳು. ಆದರೆ ಅಂಗಡಿಯಲ್ಲಿ ಮಕ್ಕಳು ಕಾಸು ಕೊಟ್ಟು ಕೊಳ್ಳುವ ಪುಸ್ತಕವನ್ನೇ ತರಬೇಕೆಂದು ಸಾಹಸ ಮಾಡಿದವನು ಆರಿನ್ ಇವಾನ್ಸ್.

ಇವಾನ್ಸ್ ಫಿಲಡೆಲ್ಫಿಯ ರೆಕಾರ್ಡ್ ಪತ್ರಿಕೆಯ ವರದಿಗಾರ. ಮುಷ್ಕರದ ನಡುವೆ 1947ರಲ್ಲಿ ಆ ಪತ್ರಿಕೆ ಮುಚ್ಚಿಹೋಯಿತು. ಕೆಲಸ ಹೋದ ಆ ವರ್ಷವೇ ಹಳೆಯ ಸಹೋದ್ಯೋಗಿಗಳನ್ನು ಕೂಡಿಕೊಂಡು ಅವನು ಆಲ್-ನೀಗ್ರೋ ಕಾಮಿಕ್ಸ್ ಎಂಬ 48 ಪುಟಗಳ ಸಂಚಿಕೆಯನ್ನು ಹೊರತಂದ. ಬೆಲೆ 15 ಸೆಂಟು. ಉಳಿದ ಕಾಮಿಕ್ಸುಗಳು ಸಾಮಾನ್ಯವಾಗಿ 10 ಸೆಂಟಿಗೆ ಸಿಕ್ಕುತ್ತಿದ್ದ ಕಾಲ. ಬರೆದವರೂ ಚಿತ್ರಿಸಿದವರೂ ಎಲ್ಲರೂ ಕರಿಯರೇ. ಅದರಲ್ಲಿ ಏಸ್ ಹಾರ್ಲೆಮ್ ಎಂಬ ಪತ್ತೇದಾರ ಬರುತ್ತಾನೆ. ಕಳ್ಳರೂ ಕರಿಯರು, ಹಿಡಿಯುವವನೂ ಕರಿಯ. ಲಯನ್ ಮ್ಯಾನ್ ಎಂಬವನು ಕಾಲೇಜು ಕಲಿತ ವಿಜ್ಞಾನಿ. ಗೋಲ್ಡ್ ಕೋಸ್ಟಿನ ಬೆಟ್ಟವೊಂದರಲ್ಲಿ ಯುರೇನಿಯಮ್ ನಿಕ್ಷೇಪವನ್ನು ಕಾಯಲೆಂದು ವಿಶ್ವಸಂಸ್ಥೆ ಅವನನ್ನು ಕಳುಹಿಸಿರುತ್ತದೆ. ಆ ನಾಡು ಘಾನಾ ಎಂಬ ಹೆಸರಿನಿಂದ ಸ್ವತಂತ್ರವಾದುದು 1957ರಲ್ಲಿ. ಲಯನ್ ಮ್ಯಾನನ ಚಿತ್ರ ಬರೆದವನು ಇವಾನ್ಸನ ತಮ್ಮನೇ.

ಎರಡನೆಯ ಸಂಚಿಕೆಯ ಚಿತ್ರಗಳೂ ಸಿದ್ಧವಾದವು. ಆದರೆ ಅಚ್ಚಿಗೆ ಕಾಗದ ಸಿಕ್ಕಲಿಲ್ಲ. ಹಿಂದೆ ಮಾರಿದ್ದವರೇ ಈಗ ಮಾರಲೊಲ್ಲೆವೆಂದರು. ಅಲ್ಲಿಗೆ ಕಥೆ ಮುಗಿಯಿತು. ಕಾಗದವೇ ಇರಲಿಲ್ಲವೆಂದು ತಿಳಿಯಬೇಡಿ. ಮೂರೇ ವರ್ಷಗಳಲ್ಲಿ, 1950ರಲ್ಲಿ, ಫಾಸೆಟ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ನೀಗ್ರೋ ರೊಮಾನ್ಸ್ ಎಂಬ ಕಾಮಿಕ್ಸನ್ನು ಹೊರಡಿಸಿತು.

ದೊಡ್ಡ ಪ್ರಕಾಶಕರಿಗೂ ಹಾದಿ ಸುಗಮವಾಗಿತ್ತೆಂದಲ್ಲ. ಇ.ಸಿ. ಕಾಮಿಕ್ಸ್ ಸಂಸ್ಥೆ 1953ರಲ್ಲಿ ಒಂದು ಕಥೆ ಪ್ರಕಟಿಸಿತ್ತು: ಕಿತ್ತಳೆ ಬಣ್ಣದ ಯಂತ್ರಮಾನವರು ನೀಲಿ ಬಣ್ಣದವರನ್ನು ಕೀಳಾಗಿ ಕಾಣುವ ಗ್ರಹಕ್ಕೆ ಭೂಮಿಯಿಂದ ಪರೀಕ್ಷಕನೊಬ್ಬ ಬರುತ್ತಾನೆ. ಕೊನೆಯ ಚಿತ್ರದಲ್ಲಿ ಶಿರಸ್ತ್ರಾಣ ತೆಗೆದಾಗ ಅವನು ಕರಿಯನೆಂದು ತಿಳಿಯುತ್ತದೆ. 1956ರಲ್ಲಿ ಇದನ್ನು ಮರುಮುದ್ರಿಸಹೊರಟಾಗ, ಕಾಮಿಕ್ಸುಗಳ ಶೀಲವನ್ನು ಕಾಯುತ್ತಿದ್ದ ಮಂಡಳಿ ಆ ಮುಖಕ್ಕೇ ಆಕ್ಷೇಪವೆತ್ತಿತು. ಆ ಮುಖವಿಲ್ಲದೆ ಕಥೆಗೆ ಅರ್ಥವೆಲ್ಲಿ? ಪ್ರಕಾಶಕ ಬಿಲ್ ಗೇನ್ಸ್ ಮಣಿಯಲಿಲ್ಲ. ಇದ್ದಂತೆಯೇ ಅಚ್ಚು ಮಾಡಿದ. ಆ ಸಂಸ್ಥೆಯ ಕೊನೆಯ ಕಾಮಿಕ್ಸ್ ಪುಸ್ತಕವೂ ಅದೇ ಆಯಿತು.

1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಬಂದ. ಯಾರ ಸೇವಕನೂ ಅಲ್ಲದ ಆಫ್ರಿಕದ ಅರಸ. ಆದರೆ ಅವನನ್ನು ಸೃಷ್ಟಿಸಿದ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಇಬ್ಬರೂ ಬಿಳಿಯರು. ಡ್ವೇನ್ ಮೆಕ್‌ಡಫಿ ಮತ್ತು ಗೆಳೆಯರು 1993ರಲ್ಲಿ ಮೈಲ್‌ಸ್ಟೋನ್ ಎಂಬ ಹೆಸರಿನಲ್ಲಿ ಕಾಮಿಕ್ಸ್ ತಂದಾಗ ಮುದ್ರಣ, ಹಂಚಿಕೆಗಳನ್ನು ಡಿ.ಸಿ. ಸಂಸ್ಥೆಗೆ ಬಿಟ್ಟರೂ ಪಾತ್ರಗಳ ಒಡೆತನವನ್ನು ತಾವೇ ಉಳಿಸಿಕೊಂಡರು. ಇವಾನ್ಸ್ ಆಗಲೇ ಇರಲಿಲ್ಲ; 1971ರಲ್ಲಿಯೇ ತೀರಿಕೊಂಡಿದ್ದ.

ತರಗತಿಯಲ್ಲಿ ಸಾಹಿತ್ಯಚರಿತ್ರೆ ಹೇಳುವಾಗ ನಾವು ಅಚ್ಚಾದ ಪುಸ್ತಕಗಳನ್ನಷ್ಟೇ ಎಣಿಸುತ್ತೇವೆ. ಇವಾನ್ಸನ ಮೊದಲ ಸಂಚಿಕೆ 75 ವರ್ಷಗಳ ನೆನಪಿಗೆ ಮತ್ತೆ ಅಚ್ಚಾಗಿದೆ. ಇನ್ನು ಅದು ಎಣಿಕೆಗೆ ಸಿಕ್ಕೀತು. ಎರಡನೆಯದನ್ನು ಯಾವ ಪಟ್ಟಿಗೆ ಸೇರಿಸೋಣ? ಈಗೀಗ ಪಾಠ ಹೇಳುವಾಗ, ಬರೆದವರು ಯಾರೆಂಬುದರ ಜೊತೆಗೆ ಕಾಗದ ಯಾರ ಕೈಯಲ್ಲಿತ್ತೆಂದೂ ಕೇಳಿಕೊಳ್ಳುವ ಅಭ್ಯಾಸ ನನಗಾಗಿದೆ.