ಚುಂಚನಕಟ್ಟೆ–ಹನಸೋಗೆ: ಹೊತ್ತು ಮುಳುಗುವ ಮುನ್ನ ಮುಗಿಯುವ ಒಂದು ದಿನದ ಯಾತ್ರೆ

ಮೈಸೂರು ಜಿಲ್ಲೆಯ ಚುಂಚನಕಟ್ಟೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕಾವೇರಿಯ ಜಲಪಾತ ಮತ್ತು ಸಂಕ್ರಾಂತಿ ವೇಳೆಯ ದನಗಳ ಜಾತ್ರೆ. ಅದೇ ಸೀಮೆಯಲ್ಲಿ ಚಿಕ್ಕಹನಸೋಗೆ ಎಂಬ ಊರಿದೆ. ಒಂದು ಕಾಲದಲ್ಲಿ 64 ಬಸದಿಗಳಿದ್ದವು ಎಂದು ಶಾಸನಗಳು ಹೇಳುವ ಕ್ಷೇತ್ರ ಅದು. ಜಲಪಾತ ನೋಡಲು ಬರುವ ಜೈನ ಕುಟುಂಬಗಳಲ್ಲಿ ಬಸದಿಯ ದರ್ಶನ ಪಡೆಯದೆ ಹಿಂದಿರುಗುವವರೇ ಹೆಚ್ಚು. ಮೈಸೂರಿನಲ್ಲಿ ತಂಗಿ, ಗೊಮ್ಮಟಗಿರಿ, ಹನಸೋಗೆ ಮತ್ತು ಚುಂಚನಕಟ್ಟೆಯನ್ನು ಒಂದೇ ದಿನದಲ್ಲಿ, ಹಗಲೂಟದ ನಿಯಮಕ್ಕೆ ಭಂಗವಿಲ್ಲದೆ ಕಾಣುವ ಕ್ರಮವನ್ನು ಇಲ್ಲಿ ಕೊಡಲಾಗಿದೆ.

ವಸತಿ ಮತ್ತು ಊಟದ ವೇಳೆ

ಕುಟುಂಬ ಸಮೇತ ಬರುವವರಿಗೆ ಮೈಸೂರಿನಲ್ಲಿ ತಂಗುವುದು ಅನುಕೂಲ. ಅಲ್ಲಿಂದ ಕೆ.ಆರ್. ನಗರಕ್ಕೆ ಸುಮಾರು 40 ಕಿ.ಮೀ., ಕೆ.ಆರ್. ನಗರದಿಂದ ಚುಂಚನಕಟ್ಟೆಗೆ ಸುಮಾರು 15 ಕಿ.ಮೀ. ಮೈಸೂರು–ಹಾಸನ ರೈಲು ಮಾರ್ಗದಲ್ಲಿ ಕೆ.ಆರ್. ನಗರ ನಿಲ್ದಾಣವಿದೆ. ಗೊಮ್ಮಟಗಿರಿಯನ್ನೂ ಸೇರಿಸಿಕೊಂಡು ಹೋಗುವವರಿಗೆ ಸ್ವಂತ ಅಥವಾ ಬಾಡಿಗೆ ವಾಹನ ಬೇಕಾಗುತ್ತದೆ.

ಜಪಾನಿನ ಸಾಂಪ್ರದಾಯಿಕ ವಸತಿಗೃಹಗಳಲ್ಲಿ, ಅಂದರೆ ಅಲ್ಲಿನವರು ರ್‍ಯೋಕಾನ್ ಎನ್ನುವ ತಂಗುದಾಣಗಳಲ್ಲಿ, ಸಂಜೆಯ ಊಟದ ಹೊತ್ತು ಮೊದಲೇ ಗೊತ್ತಾಗಿರುತ್ತದೆ. ಅತಿಥಿಗಳು ಊರು ಸುತ್ತುವುದನ್ನು ಆ ಹೊತ್ತಿಗೆ ಮುಗಿಸಿಕೊಂಡು ಬರಬೇಕು. ಕೋಯಾಸಾನ್ ಬೆಟ್ಟದ ಬೌದ್ಧ ದೇವಾಲಯಗಳಲ್ಲಿ ತಂಗುವವರಿಗೆ ಇನ್ನೂ ಬೇಗ, ಸಂಜೆ 6 ಗಂಟೆಯ ಆಸುಪಾಸಿನಲ್ಲೇ ಊಟ ಬಡಿಸುತ್ತಾರೆ. ಶೋಜಿನ್ ರ್‍ಯೋರಿ ಎಂಬ ಆ ಅಡುಗೆಯಲ್ಲಿ ಮಾಂಸ, ಮೀನು, ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ, ಗೆಡ್ಡೆ ಗೆಣಸು ಮಾತ್ರ ಇರುತ್ತದೆ. ಸಾಮಾನ್ಯ ರ್‍ಯೋಕಾನ್‌ಗಳ ಸಾರಿಗೆ ಒಣಮೀನಿನ ರಸ ಬೆರೆತಿರುತ್ತದೆ. ಆದ್ದರಿಂದ ಅಲ್ಲಿಗೆ ಹೋಗುವ ನಮ್ಮವರು ಕೋಣೆ ಕಾಯ್ದಿರಿಸುವಾಗಲೇ ತಮ್ಮ ಆಹಾರ ನಿಯಮವನ್ನು ತಿಳಿಸಬೇಕು.

ಮೈಸೂರಿನ ಹೋಟೆಲಿಗೂ ಇದೇ ಮಾತು ಸಲ್ಲುತ್ತದೆ. ಬೆಳಿಗ್ಗೆ ಹೊರಡುವ ಮೊದಲೇ ಸಂಜೆಯ ಊಟ ಎಷ್ಟು ಹೊತ್ತಿಗೆ, ಏನೇನು ಇಲ್ಲದೆ ಬೇಕು ಎಂದು ಹೇಳಿ ಹೋದರೆ ಕಡೆ ಗಳಿಗೆಯ ಪರದಾಟ ಇರುವುದಿಲ್ಲ. ಈ ಭಾಗದಲ್ಲಿ ಸೂರ್ಯಾಸ್ತ ನವೆಂಬರ್‌ನಲ್ಲಿ ಸುಮಾರು 5.50ಕ್ಕೆ, ಜನವರಿ ಮಧ್ಯದಲ್ಲಿ 6.15ಕ್ಕೆ, ಜುಲೈ ಮಧ್ಯದಲ್ಲಿ 6.50ಕ್ಕೆ ಆಗುತ್ತದೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲೇ ಆಹಾರ ನಿಲ್ಲಿಸುವ ನಿಯಮವುಳ್ಳವರು ನವೆಂಬರ್‌ನಲ್ಲಿ 5 ಗಂಟೆಗೆಲ್ಲ ಊಟ ಮುಗಿಸಬೇಕಾಗುತ್ತದೆ. ಅಂಥವರು ಮೈಸೂರಿಗೆ ಮರಳುವವರೆಗೆ ಕಾಯದೆ ಬುತ್ತಿಯನ್ನು ಜೊತೆಗೆ ಒಯ್ಯುವುದು ಒಳ್ಳೆಯದು.

ಬೆಳಿಗ್ಗೆ: ಗೊಮ್ಮಟಗಿರಿ

ಮೈಸೂರು–ಹುಣಸೂರು ಹೆದ್ದಾರಿಯಿಂದ ಒಳಕ್ಕೆ, ಮೈಸೂರಿಗೆ ಸುಮಾರು 22 ಕಿ.ಮೀ. ದೂರದಲ್ಲಿ, ಹುಣಸೂರು ತಾಲ್ಲೂಕಿನ ಬಿಳಿಕೆರೆ ಹೋಬಳಿಯಲ್ಲಿ ಗೊಮ್ಮಟಗಿರಿ ಕ್ಷೇತ್ರವಿದೆ. ಶ್ರವಣಗುಡ್ಡ ಎಂಬ ಒಂಟಿ ಬಂಡೆಗುಡ್ಡದ ಮೇಲೆ ಭಗವಾನ್ ಬಾಹುಬಲಿ ಸ್ವಾಮಿಯ 18ರಿಂದ 20 ಅಡಿ ಎತ್ತರದ ಮೂರ್ತಿ ನಿಂತಿದೆ. ಗುಡ್ಡ ಚಿಕ್ಕದು, ಹಿರಿಯರೂ ನಿಧಾನವಾಗಿ ಹತ್ತಬಹುದು. ಬುಡದ ಸುತ್ತ 24 ತೀರ್ಥಂಕರರ ಪಾದುಕೆಗಳ ಗುಡಿಗಳಿವೆ. ಇಲ್ಲಿ ಪ್ರತಿವರ್ಷ ಮಸ್ತಕಾಭಿಷೇಕ ನಡೆಯುತ್ತದೆ. ಬಿಸಿಲೇರಿದರೆ ಬಂಡೆ ಕಾಯುತ್ತದೆ, ಬರಿಗಾಲಲ್ಲಿ ಹತ್ತುವುದು ಕಷ್ಟ. ಆದ್ದರಿಂದ ದಿನದ ಮೊದಲ ದರ್ಶನ ಇಲ್ಲಿಯದೇ ಆಗಲಿ.

ಇಲ್ಲಿಂದ ಹುಣಸೂರು ಹೆದ್ದಾರಿಗೆ ಮರಳಿ, ಬಿಳಿಕೆರೆ ಬಳಿ ಹಾಸನದ ಕಡೆಯ ರಸ್ತೆ ಹಿಡಿದರೆ ಕೆ.ಆರ್. ನಗರ ಸಿಗುತ್ತದೆ. ಈ ಊರಿನ ಹಳೆಯ ಹೆಸರು ಎಡತೊರೆ. ಹನಸೋಗೆಯ ಶಾಸನಗಳನ್ನು ಹಳೆಯ ಸಂಪುಟಗಳಲ್ಲಿ ಹುಡುಕುವವರು ಎಡತೊರೆ ತಾಲ್ಲೂಕಿನ ಭಾಗವನ್ನು ತೆರೆಯಬೇಕು.

ಮಧ್ಯಾಹ್ನದೊಳಗೆ: ಚಿಕ್ಕಹನಸೋಗೆಯ ಆದಿನಾಥ ಬಸದಿ

ಹನಸೋಗೆಗೆ ಶಾಸನಗಳಲ್ಲಿ ಪನಸೋಗೆ ಎಂಬ ಹೆಸರೂ ಇದೆ. ಇಲ್ಲಿ ಇಂದು ಉಳಿದಿರುವ ಮುಖ್ಯ ಬಸದಿ ಮೂರು ಗರ್ಭಗುಡಿಗಳ ತ್ರಿಕೂಟ. ಮೂಲನಾಯಕ ಭಗವಾನ್ ಆದಿನಾಥ ಸ್ವಾಮಿ. ಇಲ್ಲಿನ ಬಸದಿಗಳನ್ನು ದಶರಥನ ಮಗ, ಲಕ್ಷ್ಮಣನ ಅಣ್ಣ, ಸೀತೆಯ ಪತಿ ರಾಮನೇ ಮಾಡಿಸಿದನೆಂದೂ, ಮುಂದೆ ಗಂಗ ಅರಸರು ದತ್ತಿ ಬಿಟ್ಟರೆಂದೂ ಶಾಸನಗಳು ಹೇಳುತ್ತವೆ. 11ನೇ ಶತಮಾನದಲ್ಲಿ ರಾಜೇಂದ್ರಚೋಳ ನನ್ನಿ ಚಂಗಾಳ್ವನು ಬಸದಿಯನ್ನು ಮತ್ತೆ ಕಟ್ಟಿಸಿದನು. ಪಿರಿಯಾಪಟ್ಟಣ, ಹುಣಸೂರು ಮತ್ತು ಕೊಡಗಿನ ಕಡೆ ಆಳಿದ ಚಂಗಾಳ್ವರು ಆರಂಭದಲ್ಲಿ ಜೈನರು. ಅವರ ಹೆಸರು ಶಾಸನಗಳಲ್ಲಿ ಮೊದಲು ಕಾಣಿಸಿಕೊಳ್ಳುವುದೂ ಈ ಊರಿನಲ್ಲೇ.

ಹನಸೋಗೆಯ ಹಿರಿಮೆ ಕಟ್ಟಡಕ್ಕಿಂತ ದೊಡ್ಡದು. ಮೂಲಸಂಘದ ದೇಶಿಗಣ, ಪುಸ್ತಕಗಚ್ಛದಲ್ಲಿ ಹನಸೋಗೆ ಬಳಿ ಎಂಬ ಮುನಿಪರಂಪರೆ ಈ ಊರಿನ ಹೆಸರಿನಿಂದಲೇ ಬೆಳೆಯಿತು. ಇಲ್ಲಿನ ಬಸದಿಗಳಷ್ಟೇ ಅಲ್ಲದೆ ತಲಕಾವೇರಿಯ ಬಸದಿಗಳ ಮೇಲೂ ಈ ಗುರುಗಳಿಗೆ ಅಧಿಕಾರವಿತ್ತು. ಕಾರ್ಕಳದಲ್ಲಿ ಭೈರವ ವಂಶದ ವೀರಪಾಂಡ್ಯನು 1432ರಲ್ಲಿ ಸುಮಾರು 42 ಅಡಿಯ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು ಲಲಿತಕೀರ್ತಿ ಮುನಿಗಳ ಉಪದೇಶದಿಂದ. ಆ ಗುರುಗಳು ಪನಸೋಗೆಯ ಪರಂಪರೆಯವರು ಎಂದು ಅಲ್ಲಿನ ಶಾಸನವೇ ತಿಳಿಸುತ್ತದೆ. ಕಾರ್ಕಳ ಮಠದ ಭಟ್ಟಾರಕರು ಇಂದಿಗೂ ಲಲಿತಕೀರ್ತಿ ಎಂಬ ಹೆಸರನ್ನೇ ಧರಿಸುತ್ತಾರೆ. ಕಾರ್ಕಳದ ಬಾಹುಬಲಿಯ ಮುಂದೆ ಕೈಮುಗಿದವರಿಗೆಲ್ಲ ಈ ಚಿಕ್ಕ ಊರಿನ ಋಣವಿದೆ.

ದೊಡ್ಡ ಕ್ಷೇತ್ರಗಳಿಗೆ ಭಕ್ತರು ತಾವಾಗಿ ಬರುತ್ತಾರೆ. ಹನಸೋಗೆಯಂಥ ಕಡೆಗೆ ದಾರಿ ಬಿಟ್ಟು ಹೋಗಬೇಕು. ಹೋಗುವವರು ಊರಿನವರನ್ನು ಮೊದಲೇ ವಿಚಾರಿಸಿ, ಬಸದಿ ತೆರೆದಿರುವ ವೇಳೆ ತಿಳಿದುಕೊಂಡು ಹೊರಡಿ. ಪೂಜಾದ್ರವ್ಯ, ಶುದ್ಧ ತುಪ್ಪ, ಬತ್ತಿ ಜೊತೆಗಿರಲಿ. ಶಾಸನದ ಕಲ್ಲುಗಳಿಗೆ ಎಣ್ಣೆ, ಅರಿಶಿನ, ಸುಣ್ಣ ಬಳಿಯಬೇಡಿ. ಅಕ್ಷರ ಮುಚ್ಚಿಹೋದರೆ ಈ ಊರಿನ ಇತಿಹಾಸಕ್ಕೆ ಬೇರೆ ಸಾಕ್ಷಿ ಸಿಗುವುದಿಲ್ಲ. ಮಕ್ಕಳಿಗೆ ಅಲ್ಲಿಯೇ ನಿಂತು ಕಾರ್ಕಳದ ಸಂಬಂಧವನ್ನು ಹೇಳಿದರೆ ಅವರಿಗೆ ಮರೆಯುವುದಿಲ್ಲ.

ಊಟ: ಏನು ಕೇಳಬೇಕು, ಏನು ಒಯ್ಯಬೇಕು

ಈ ಭಾಗದ ಊಟ ರಾಗಿಮುದ್ದೆ, ಹುರುಳಿಸಾರು, ಅವರೆಕಾಳಿನದು. ಪದಾರ್ಥಗಳು ನಮಗೆ ಸಲ್ಲುವಂಥವೇ, ಆದರೆ ಹೋಟೆಲಿನ ಒಗ್ಗರಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದೇ ಇರುತ್ತದೆ. ಸಾಂಬಾರು, ಉಪ್ಪಿಟ್ಟು, ಅಕ್ಕಿರೊಟ್ಟಿ, ಮಸಾಲೆದೋಸೆಯ ಪಲ್ಯ ಇವುಗಳಲ್ಲಿ ಈರುಳ್ಳಿ ಅಥವಾ ಆಲೂಗೆಡ್ಡೆ ಬೀಳುವುದು ಸಾಮಾನ್ಯ. ಇಡ್ಲಿ, ಖಾಲಿ ದೋಸೆ, ಕಾಯಿಚಟ್ನಿ, ಖಾರಾ ಪೊಂಗಲ್, ಕೇಸರಿಭಾತ್ ಇವು ಸುರಕ್ಷಿತವಾದರೂ ಪ್ರತಿಸಲ ಕೇಳಿಯೇ ತೆಗೆದುಕೊಳ್ಳಬೇಕು. ದ್ವಿದಳ ನಿಯಮ ಪಾಲಿಸುವವರು ಮೊಸರುವಡೆ ಬಿಡಬೇಕು. ಮನೆಯಿಂದ ಒಯ್ಯುವುದಾದರೆ ಪುಳಿಯೋಗರೆ, ಚಪಾತಿ, ಕೋಡುಬಳೆ, ಒಬ್ಬಟ್ಟು ದಿನವಿಡೀ ಕೆಡುವುದಿಲ್ಲ. ಸೋಸಿದ ನೀರು ಸಾಕಷ್ಟು ಇರಲಿ.

ಜೈನ ಅಡುಗೆಯ ಪರಂಪರೆಯಲ್ಲಿ ಈ ಸೀಮೆಗೆ ವಿಶೇಷ ಸ್ಥಾನವಿದೆ. ಚಂಗಾಳ್ವರ ಅಧೀನದಲ್ಲಿ ಹುಣಸೂರು ಕಡೆಯ ಕಲ್ಲಹಳ್ಳಿಯ ಒಡೆಯನಾಗಿದ್ದ ಜೈನ ಕವಿ ಮೂರನೆಯ ಮಂಗರಸನು 1508ರ ಸುಮಾರಿಗೆ 'ಸೂಪಶಾಸ್ತ್ರ' ಎಂಬ ಪಾಕಗ್ರಂಥವನ್ನು ಷಟ್ಪದಿಯಲ್ಲಿ ಬರೆದನು. 'ಜಯನೃಪಕಾವ್ಯ', 'ಸಮ್ಯಕ್ತ್ವಕೌಮುದಿ', 'ನೇಮಿಜಿನೇಶಸಂಗತಿ' ಬರೆದ ಕೈಯೇ ರೊಟ್ಟಿ, ಪಾಯಸ, ಬಾಳೆಕಾಯಿ, ಹಲಸು, ಬದನೆಕಾಯಿಯ ಅಡುಗೆಗಳನ್ನೂ ವಿವರಿಸಿತು. ಸಸ್ಯಾಹಾರವನ್ನಷ್ಟೇ ಹೇಳುವ ಪುಸ್ತಕ ಅದು. ಬಹುಬೀಜವೆಂದು ಇಂದು ಹಲವು ಜೈನ ಮನೆಗಳು ಬದನೆಯನ್ನು ಬಿಟ್ಟಿವೆ, ಮಂಗರಸನಾದರೋ ಅದಕ್ಕೆ ಪ್ರತ್ಯೇಕ ಭಾಗವನ್ನೇ ಕೊಟ್ಟಿದ್ದಾನೆ. ನಿಯಮದೊಳಗೇ ಎಷ್ಟು ರುಚಿಗಳಿಗೆ ಜಾಗವಿದೆ ಎಂಬುದಕ್ಕೆ ಈ ಗ್ರಂಥ ಸಾಕ್ಷಿ.

ಮಧ್ಯಾಹ್ನದ ನಂತರ: ಚುಂಚನಕಟ್ಟೆ

ಈಗ ಸಾಲಿಗ್ರಾಮ ತಾಲ್ಲೂಕಿಗೆ ಸೇರಿರುವ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ನಡುವೆ ಸುಮಾರು 20 ಮೀಟರ್ ಧುಮುಕುತ್ತದೆ. ಇದಕ್ಕೆ ಧನುಷ್ಕೋಟಿ ಎಂದೂ ಹೆಸರು. ಚುಂಚ, ಚುಂಚಿ ಎಂಬ ದಂಪತಿಯಿಂದ ಊರಿಗೆ ಈ ಹೆಸರು ಬಂತೆಂದು ಸ್ಥಳಪುರಾಣ. ಜಲಪಾತದ ಪಕ್ಕದಲ್ಲಿ ಕೋದಂಡರಾಮ ದೇವಾಲಯವಿದೆ. ಇಲ್ಲಿ ಸೀತೆ ರಾಮನ ಬಲಗಡೆ ನಿಂತಿರುವುದು ವಿಶೇಷ. ಹೊರಗೆ ಭೋರ್ಗರೆಯುವ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳಿಸದು ಎಂಬುದು ಊರವರ ನಂಬಿಕೆ.

ಒಂದೇ ನದಿಯ ಸೀಮೆಯಲ್ಲಿ ಒಂದು ಕಡೆ ರಾಮನ ದೇವಾಲಯ, ಇನ್ನೊಂದು ಕಡೆ ರಾಮನು ಮಾಡಿಸಿದನೆಂದು ಶಾಸನ ಹೇಳುವ ಬಸದಿಗಳು ಇರುವುದು ಗಮನಿಸಬೇಕಾದ ಸಂಗತಿ. ಜೈನ ಪರಂಪರೆಯಲ್ಲಿ ರಾಮ ಎಂಟನೆಯ ಬಲಭದ್ರ, ಶಲಾಕಾಪುರುಷ. ರಾವಣನನ್ನು ಕೊಲ್ಲುವವನು ಲಕ್ಷ್ಮಣ, ರಾಮ ತಪಸ್ಸು ಮಾಡಿ ಮೋಕ್ಷ ಪಡೆಯುತ್ತಾನೆ. ಈ ಕಥೆಯನ್ನು ಕನ್ನಡದಲ್ಲಿ ನಾಗಚಂದ್ರನು 'ರಾಮಚಂದ್ರಚರಿತ ಪುರಾಣ'ದಲ್ಲಿ ಹೇಳಿದ್ದಾನೆ.

ಕೊಡಗಿನಲ್ಲಿ ಮಳೆ ಹಿಡಿದ ಮೇಲೆ, ಜುಲೈ–ಆಗಸ್ಟ್‌ನಲ್ಲಿ, ಜಲಪಾತ ತುಂಬಿ ಹರಿಯುತ್ತದೆ. ಅದು ಚಾತುರ್ಮಾಸದ ಕಾಲವೂ ಹೌದು. ಆಗ ಸಂಚಾರ ಕಡಿಮೆ ಮಾಡುವ ನಿಯಮವುಳ್ಳವರು ಮಳೆ ಇಳಿದ ಮೇಲೆ ಬಂದರೂ ನೀರು ಇರುತ್ತದೆ. ಬೇಸಿಗೆಯಲ್ಲಿ ಹರಿವು ಕ್ಷೀಣಿಸುತ್ತದೆ. ಯಾವ ಕಾಲದಲ್ಲೂ ಜಲಪಾತದ ಬಂಡೆಗಳ ಮೇಲೆ ಇಳಿಯಬೇಡಿ. ಪಾಚಿ ಜಾರುತ್ತದೆ, ಮೇಲೆ ಎಲ್ಲೋ ಸುರಿದ ಮಳೆಯ ನೀರು ಇಲ್ಲಿ ಬಿಸಿಲಿರುವಾಗಲೂ ಏರಿಬರಬಹುದು. ಜನವರಿಯ ಜಾತ್ರೆಯ ದಿನಗಳಲ್ಲಿ ರಸ್ತೆಯಲ್ಲಿ ದನ, ಗಾಡಿ, ಜನಸಂದಣಿ ಇರುವುದರಿಂದ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಸಮಯ ಉಳಿದರೆ ಹತ್ತಿರದ ಸಾಲಿಗ್ರಾಮಕ್ಕೆ ಹೋಗಬಹುದು. ಅಲ್ಲಿ ಜೈನ ಕುಟುಂಬಗಳೂ ಬಸದಿಯೂ ಇವೆ, ರಾಮಾನುಜಾಚಾರ್ಯರಿಗೆ ಸಂಬಂಧಿಸಿದ ಶ್ರೀವೈಷ್ಣವ ಸ್ಥಳಗಳೂ ಇವೆ.

ದಿನದ ಕ್ರಮ

ಬೆಳಿಗ್ಗೆ 7ಕ್ಕೆ ಮೈಸೂರು ಬಿಟ್ಟರೆ 8ರ ಒಳಗೆ ಗೊಮ್ಮಟಗಿರಿ, 11ರ ಹೊತ್ತಿಗೆ ಹನಸೋಗೆ, 1 ಗಂಟೆಗೆ ಊಟ, 2ಕ್ಕೆ ಚುಂಚನಕಟ್ಟೆ. 3.30ಕ್ಕೆ ಅಲ್ಲಿಂದ ಹೊರಟರೆ ಬೆಳಕಿರುವಾಗಲೇ ಮೈಸೂರು ತಲುಪಬಹುದು. ಎಲ್ಲಿಯಾದರೂ ತಡವಾದರೆ ಜಲಪಾತದ ಸಮಯದಲ್ಲಿ ಕಡಿತ ಮಾಡಿ. ಹನಸೋಗೆಯ ದರ್ಶನ ಮತ್ತು ಸಂಜೆಯ ಊಟದ ಹೊತ್ತು, ಇವೆರಡನ್ನು ಮಾತ್ರ ಮುಂದೂಡಬೇಡಿ.