ಕಾವು ಉಳಿಸಿದಾಕಿ ಜವಾರಿ ಹ್ಯಾಟಿ

ಗಿರಿರಾಜ ಹ್ಯಾಟಿ ಕಾವಿಗೆ ಕೂಡೂದು ಅಪರೂಪ ಯಾಕ ಅಂತ ಭಾಳ ಮಂದಿ ಕೇಳ್ತಾರ. ಇದರ ಹಿಂದ ಒಂದು ಇತಿಹಾಸ ಐತಿ.

ಕಾವಿಗೆ ಕುಂತ ಹ್ಯಾಟಿ 21 ದಿನ, ಆಮ್ಯಾಲ ಮರಿ ದೊಡ್ಡವಾಗೂ ತನಕ ತತ್ತಿ ಇಡಂಗಿಲ್ಲ. ತತ್ತಿ ಮಾರೋರಿಗೆ ಅದು ಲುಕ್ಸಾನು. ಅದಕ್ಕ ಇಟಲಿ ಮೂಲದ ಲೆಗಾರ್ನ್ ತಳಿಯೊಳಗ ಕಾವಿಗೆ ಕೂಡೂ ಹ್ಯಾಟಿಗಳನ್ನ ತಲೆಮಾರುಗಟ್ಟಲೆ ತಗದು ಹಾಕಿದ್ರು. ಕಾವಿನ ಕೆಲಸ ಯಂತ್ರಕ್ಕ ಹೋತು. 1980ರ ದಶಕದ ಕೊನಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಗಿರಿರಾಜ ಬಂತು. ತೂಕ ಚಲೋ, ತತ್ತಿ ಚಲೋ, ಕಾವು ಮಾತ್ರ ಕಡಿಮಿ.

ನಮ್ಮ ಬೆಳಗಾವಿ, ಖಾನಾಪುರ ಕಡೆ ಅವ್ವ, ಅಜ್ಜಿ ಉಲ್ಟಾ ಆರಿಸಿದ್ರು. ಚಲೋ ಮರಿ ಮಾಡಿದಾಕಿನ್ನ ಉಳಿಸಿದ್ರು, ಉಳಿದದ್ದು ಸಾರಿಗೆ. ಹಂಗಾಗಿ ಇವತ್ತ ಗಿರಿರಾಜ ತತ್ತಿಗೂ ಜವಾರಿ ಹ್ಯಾಟಿನ ಬೇಕು.

ಮೊದಲ ಸಲ ಕುಂತಾಕಿ ನಡುವ ಎದ್ದು ಹೋಗಬಹುದು. ಎರಡ್ಮೂರು ದಿನ ಬ್ಯಾಡಾದ ತತ್ತಿ ಇಟ್ಟು ನೋಡ್ರಿ. ರಾತ್ರಿನೂ ಬಿಡದ ಕುಂತ್ರ, ಕತ್ತಲಾದ ಮ್ಯಾಲ ಮರಿ ತತ್ತಿ ಎಲ್ಲಾ ಒಮ್ಮೆಲೇ ಇಡ್ರಿ. ದೊಡ್ಡ ತತ್ತಿ 8 ಸಾಕು. ಮರಿ ಮಾಡಿದಾಕಿನ್ನ ಮಾತ್ರ ಮಾರಬ್ಯಾಡ್ರಿ. ಆ ಗುಣ ಪ್ಯಾಟ್ಯಾಗ ಸಿಗಂಗಿಲ್ಲ.