ಪೋರ್ಟು

ಸರ್ವರಿನ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಕಿಂಡಿಯೇ ಪೋರ್ಟು. ಮೂಲ ಲ್ಯಾಟಿನ್ನಿನ 'ಪೋರ್ಟಾ', ಅಂದರೆ ಬಾಗಿಲು. ಬಂದರು ಎಂಬರ್ಥದ 'ಪೋರ್ಟಸ್' ಅದರ ದಾಯಾದಿ. ಏರ್‌ಪೋರ್ಟು ಹುಟ್ಟಿದ್ದು ಆ ಕವಲಿನಲ್ಲಿ.

ಕನ್ನಡದಲ್ಲಿ 'ದ್ವಾರ' ಎಂದರೆ ದೇವಸ್ಥಾನ ಕಣ್ಣಿಗೆ ಕಟ್ಟುತ್ತದೆ. ನನ್ನ ಮತ ನೀರು ಬಿಡುವ ತೂಬಿಗೆ. ಮಂಡ್ಯದ ವಿ.ಸಿ. ಫಾರಂನವರಿಗೆ ತೂಬು ಹೊಸದಲ್ಲ. ಊರ ಹೆಸರಲ್ಲೇ ನಾಲೆಯಿದೆ. (ಕೃಷಿ ಕಾಲೇಜು ಇರುವ ಜಾಗವೆಂದು ವಿ.ಸಿ.ಯನ್ನು ಕುಲಪತಿ ಎಂದುಕೊಳ್ಳಬೇಡಿ, ಅದು ವಿಶ್ವೇಶ್ವರಯ್ಯ ಕೆನಾಲ್.) ತಮಿಳಿನಲ್ಲಿ ತೂಂಬು, ತೆಲುಗಿನಲ್ಲಿ ತೂಮು, ಹಳೆಯ ದ್ರಾವಿಡ ಪದ. ಆದರೆ ತೂಬಿನಲ್ಲಿ ನೀರು ಒಂದೇ ಕಡೆ ಹರಿಯುತ್ತದೆ, ನೆಟ್‌ವರ್ಕ್ ಪೋರ್ಟಿನಲ್ಲಿ ಮಾಹಿತಿ ಎರಡೂ ಕಡೆ.

ಹರಿಯುತ್ತಿದೆಯೋ ಇಲ್ಲವೋ ಹೇಳುವುದು ಪಕ್ಕದ ಪುಟ್ಟ ದೀಪಗಳು. ಸಾಮಾನ್ಯವಾಗಿ ಒಂದು ಸುಮ್ಮನೆ ಉರಿದರೆ ಕೇಬಲ್ ಕೂಡಿಕೊಂಡಿದೆ ಎಂದರ್ಥ. ಇನ್ನೊಂದು ಮಿನುಗಿದರೆ ಮಾಹಿತಿ ಓಡಾಡುತ್ತಿದೆ. ಹಸಿರು, ಕಿತ್ತಳೆ ಬಣ್ಣಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಪವರ್ ಸಪ್ಲೈ ಮೇಲೆ ಮಾತ್ರ ಕಿತ್ತಳೆ ಕಂಡರೆ ಬಹುತೇಕ ತೊಂದರೆಯೇ. ನೀಲಿ ದೀಪವೊಂದಿರುತ್ತದೆ: ಮುಂದಿನ ಗುಂಡಿ ಒತ್ತಿದರೆ ಹಿಂದೆ ಹೊತ್ತಿಕೊಂಡು, ರ‍್ಯಾಕಿನ ಸಾಲಿನಲ್ಲಿ ನಾವು ಹುಡುಕುವ ಸರ್ವರ್ ಯಾವುದೆಂದು ತೋರಿಸುತ್ತದೆ. ಬಹಳ ಉಪಕಾರಿ.

ಕಿಂಡಿಯೇ ಇಲ್ಲದ ಪೋರ್ಟುಗಳೂ ಉಂಟು, ಬರೀ ಸಂಖ್ಯೆಗಳು: ವೆಬ್ಬಿಗೆ 80, ಅದರ ಸುರಕ್ಷಿತ ರೂಪಕ್ಕೆ 443. ಹಾಗಾಗಿ 'ಪೋರ್ಟು ಹೋಗಿದೆ' ಅಂದರೆ ಕಿಂಡಿ ಕೆಟ್ಟಿದೆ, ರಿಪೇರಿಯವರನ್ನು ಕರೆಯಿರಿ. 'ಪೋರ್ಟು ಕ್ಲೋಸ್ ಆಗಿದೆ' ಅಂದರೆ ಫೈರ್‌ವಾಲ್ ನೋಡಿಕೊಳ್ಳುವವರನ್ನು.